ಟೆಕ್ಸಾಸ್‌ನ ಹಳೆಯ ಗಡಿನಾಡ ರಣಭೂಮಿಗಳಲ್ಲಿ ಹಳೆಗಾಲದ ಚಾಕುಗಳನ್ನು ಹುಡುಕುವ ಬಗೆ

ಅಮೆರಿಕದ ಟೆಕ್ಸಾಸ್ ರಾಜ್ಯದ ಉತ್ತರ ತುದಿಯಲ್ಲಿ ಪ್ಯಾನ್‌ಹ್ಯಾಂಡಲ್ ಎಂಬ ಹುಲ್ಲುಗಾವಲಿನ ಸೀಮೆಯಿದೆ. 1874ರ ಬೇಸಿಗೆಯಿಂದ 1875ರ ಜೂನ್‌ವರೆಗೆ ಇಲ್ಲಿ ನಡೆದ ಕಾಳಗಗಳನ್ನು ಒಟ್ಟಾಗಿ ರೆಡ್ ರಿವರ್ ಯುದ್ಧ ಎಂದು ಕರೆಯುತ್ತಾರೆ. ಒಂದು ಕಡೆ ದಕ್ಷಿಣದ ಶಯೆನ್, ಕೈಯೊವಾ ಮತ್ತು ಕೊಮಾಂಚಿ ಜನ. ಇನ್ನೊಂದು ಕಡೆ ಬೇರೆ ಬೇರೆ ಕೋಟೆಗಳಿಂದ ಹೊರಟು ಈ ಸೀಮೆಯನ್ನು ಮುತ್ತಿದ ಅಮೆರಿಕ ಸೇನೆಯ ಐದು ತುಕಡಿಗಳು. ಇವರ ನಡುವೆ ಬೈಸನ್‌ಗಳ ತೊಗಲಿಗಾಗಿ ಬಂದು ಬೀಡುಬಿಟ್ಟಿದ್ದ ಬೇಟೆಗಾರರು. ಈ ಮೂರೂ ಗುಂಪಿನವರಿಗೆ ಚಾಕು ದಿನನಿತ್ಯದ ಸಲಕರಣೆಯಾಗಿತ್ತು. ಅವರು ಕಳೆದುಕೊಂಡ, ಎಸೆದ ಅಥವಾ ಬೆಂಕಿಯಲ್ಲಿ ಬಿಟ್ಟುಹೋದ ಚಾಕುಗಳಲ್ಲಿ ಕೆಲವು ಇಂದಿಗೂ ಮಣ್ಣಿನಡಿ ಗೇಣುದ್ದದ ಆಳದೊಳಗೇ ಉಳಿದಿವೆ. ಡಲ್ಲಾಸ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಈ ಸೀಮೆ ಕಾರಿನಲ್ಲಿ ಐದಾರು ಗಂಟೆಯ ದಾರಿ. ಇತಿಹಾಸದಲ್ಲಿ ಆಸಕ್ತಿಯಿದ್ದು, ಮೆಟಲ್ ಡಿಟೆಕ್ಟರ್ ಹಿಡಿದು ಹೊರಡುವ ಮನಸ್ಸಿರುವವರನ್ನು ಗಮನದಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಿದ್ದೇನೆ.

ಆರಂಭದಲ್ಲೇ ಒಂದು ಮಾತು ಹೇಳಬೇಕು. ಇಲ್ಲಿ ಹಳೆಯ ಚಾಕು ಸಿಗುವುದು ಅಷ್ಟೇನೂ ಅಪರೂಪವಲ್ಲ. ಸಿಕ್ಕಿದ ಚಾಕು ಕಾಳಗದ ಕಾಲದ್ದೆಂದು ತೋರಿಸುವುದು ಮಾತ್ರ ಬಹಳ ಕಷ್ಟ. ಕಾಳಗಗಳು ಮುಗಿದ ಮರುವರ್ಷವೇ, ಅಂದರೆ 1876ರಲ್ಲಿ, ದನ ಸಾಕಣೆಗಾರ ಚಾರ್ಲ್ಸ್ ಗುಡ್‌ನೈಟ್ ಇಲ್ಲಿನ ಪ್ಯಾಲೊ ಡ್ಯೂರೊ ಕಣಿವೆಗೆ ದನಗಳ ಹಿಂಡನ್ನು ಹೊಡೆದುಕೊಂಡು ಬಂದ. ಅಲ್ಲಿಂದ ಮುಂದೆ ಅದೇ ನೆಲದಲ್ಲಿ ಓಡಾಡಿದ ದನಗಾಹಿಗಳು ಅದೇ ಕಾರ್ಖಾನೆಗಳ ಚಾಕುಗಳನ್ನು ಬಳಸಿದರು, ಅದೇ ರೀತಿ ಕಳೆದುಕೊಂಡರು. ಹೀಗಾಗಿ ಚಾಕುವಿನ ಬೆಲೆಯಿರುವುದು ಅದು ಮಲಗಿದ್ದ ಜಾಗದಲ್ಲಿ, ಅದರ ಅಕ್ಕಪಕ್ಕ ಬಿದ್ದಿದ್ದ ವಸ್ತುಗಳಲ್ಲಿ. ಆ ವಿವರವನ್ನು ಬರೆದಿಟ್ಟುಕೊಳ್ಳದೆ ಎತ್ತಿದ ಚಾಕು ತುಕ್ಕು ಹಿಡಿದ ಕಬ್ಬಿಣದ ತುಂಡಷ್ಟೇ. ಮುಂದೆ ಹೇಳುವ ವಿಧಾನಗಳೆಲ್ಲ ಈ ಒಂದು ಕಾರಣವನ್ನು ಆಧರಿಸಿವೆ.

ನೆಲ ಯಾರದು?

ಡಿಟೆಕ್ಟರ್ ಕೊಳ್ಳುವುದಕ್ಕಿಂತ ಮೊದಲು ನೆಲದ ಒಡೆತನವನ್ನು ತಿಳಿದುಕೊಳ್ಳಬೇಕು. ಕೇಂದ್ರ ಸರ್ಕಾರದ ನೆಲದಲ್ಲಿ ಮತ್ತು ಮೂಲನಿವಾಸಿ ಬುಡಕಟ್ಟುಗಳ ನೆಲದಲ್ಲಿ 1979ರ ಪುರಾತತ್ವ ಸಂಪನ್ಮೂಲ ಸಂರಕ್ಷಣಾ ಕಾನೂನು ಜಾರಿಯಲ್ಲಿದೆ. ನೂರು ವರ್ಷಕ್ಕಿಂತ ಹಳೆಯದಾದ ಪುರಾತತ್ವ ವಸ್ತುವನ್ನು ಪರವಾನಗಿಯಿಲ್ಲದೆ ಅಗೆಯುವುದು, ತೆಗೆಯುವುದು ಅಥವಾ ಹಾಳುಮಾಡುವುದು ಈ ಕಾನೂನಿನ ಪ್ರಕಾರ ಅಪರಾಧ. ಮೊದಲ ಅಪರಾಧಕ್ಕೇ 10,000 ಡಾಲರ್‌ವರೆಗಿನ ದಂಡ ಮತ್ತು ಒಂದು ವರ್ಷದವರೆಗಿನ ಸೆರೆವಾಸವಿದೆ. ವಸ್ತುವಿನ ಬೆಲೆ ಮತ್ತು ಹಾನಿ ಸರಿಪಡಿಸುವ ಖರ್ಚು ಸೇರಿ 500 ಡಾಲರ್ ಮೀರಿದರೆ ಇವೆರಡೂ ದುಪ್ಪಟ್ಟಾಗುತ್ತವೆ. ರಾಷ್ಟ್ರೀಯ ಉದ್ಯಾನ ಸೇವೆಯ ಆವರಣಗಳೊಳಗೆ ಬಳಕೆಗೆ ಸಿದ್ಧವಾಗಿರುವ ಮೆಟಲ್ ಡಿಟೆಕ್ಟರನ್ನು ಕೈಯಲ್ಲಿ ಇಟ್ಟುಕೊಳ್ಳುವುದಕ್ಕೂ ನಿಷೇಧವಿದೆ. ಅಗೆದಿಲ್ಲ ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಪ್ಯಾನ್‌ಹ್ಯಾಂಡಲ್‌ನಲ್ಲಿ ಈ ವಿಷಯಕ್ಕೆ ವಿಶೇಷ ಎಚ್ಚರ ಬೇಕು. ದನ ಸಾಕುವ ಖಾಸಗಿ ರ್‍ಯಾಂಚುಗಳ ನಡುನಡುವೆ ಮೆಕ್‌ಕ್ಲೆಲನ್ ಕ್ರೀಕ್ ರಾಷ್ಟ್ರೀಯ ಹುಲ್ಲುಗಾವಲು, ಬ್ಲ್ಯಾಕ್ ಕೆಟಲ್ ರಾಷ್ಟ್ರೀಯ ಹುಲ್ಲುಗಾವಲಿನ ತುಣುಕುಗಳು, ಮೆರೆಡಿತ್ ಸರೋವರದ ರಾಷ್ಟ್ರೀಯ ವಿಹಾರ ಪ್ರದೇಶ ಇವೆಲ್ಲ ಸೇರಿಕೊಂಡಿವೆ, ಮತ್ತು ಬೇಲಿ ನೋಡಿ ಒಡೆತನ ಊಹಿಸಲು ಬರುವುದಿಲ್ಲ. ಪ್ಯಾಲೊ ಡ್ಯೂರೊ ಕಣಿವೆಯ ಒಂದು ಭಾಗ 1934ರಿಂದ ರಾಜ್ಯ ಉದ್ಯಾನವಾಗಿದೆ. ರಾಜ್ಯದ, ಕೌಂಟಿಗಳ (ಜಿಲ್ಲೆಯಂಥ ಆಡಳಿತ ವಿಭಾಗಗಳ) ಮತ್ತು ನಗರಗಳ ನೆಲಕ್ಕೆ 1969ರ ಟೆಕ್ಸಾಸ್ ಪುರಾವಸ್ತು ಸಂಹಿತೆ ಅನ್ವಯಿಸುತ್ತದೆ. ಆಯಾ ಕೌಂಟಿಯ ಆಸ್ತಿ ಮೌಲ್ಯಮಾಪನ ಕಚೇರಿಯ ನಕ್ಷೆಗಳನ್ನು ಯಾರು ಬೇಕಾದರೂ ನೋಡಬಹುದು. ಹುಡುಕಬೇಕೆಂದಿರುವ ಜಾಗದ ಪ್ರತಿ ತುಂಡಿನ ಒಡೆಯ ಯಾರೆಂದು ಅಲ್ಲಿ ಖಚಿತಪಡಿಸಿಕೊಳ್ಳಿ.

ಉಳಿಯುವುದು ಖಾಸಗಿ ನೆಲ. ಟೆಕ್ಸಾಸ್‌ನಲ್ಲಿ ಖಾಸಗಿ ನೆಲದ ಪುರಾವಸ್ತು ನೆಲದ ಒಡೆಯರದು. ಅವರ ಅನುಮತಿಯನ್ನು ಬರವಣಿಗೆಯಲ್ಲೇ ಪಡೆಯಬೇಕು, ಮತ್ತು ಅದರಲ್ಲಿ ಯಾವ ಹೊಲ ಅಥವಾ ಹುಲ್ಲುಗಾವಲು, ಯಾವ ದಿನಾಂಕಗಳು, ಎಷ್ಟು ಜನ, ಸಿಕ್ಕ ವಸ್ತು ಯಾರ ಬಳಿ ಉಳಿಯುತ್ತದೆ, ಗುಂಡಿ ಮುಚ್ಚುವ ಹೊಣೆ ಯಾರದು ಎಂಬುದೆಲ್ಲ ಸ್ಪಷ್ಟವಾಗಿರಬೇಕು. ರ್‍ಯಾಂಚಿನ ಕೆಲಸಗಾರರು ಬಾಯಿಮಾತಿನಲ್ಲಿ «ಹೋಗಿ ನೋಡಿ» ಎಂದರೆ ಅದು ಅನುಮತಿಯಲ್ಲ. ಬೇಲಿಯ ಕಂಬಕ್ಕೋ ಮರದ ಬುಡಕ್ಕೋ ನೇರಳೆ ಬಣ್ಣದ ಪಟ್ಟಿ ಬಳಿದಿದ್ದರೆ ಟೆಕ್ಸಾಸ್ ಕಾನೂನಿನಲ್ಲಿ ಅದು ಪ್ರವೇಶ ನಿಷೇಧದ ಫಲಕಕ್ಕೆ ಸಮ. ಹೊಸಬರಿಗೆ ಇದು ತಿಳಿದಿರುವುದಿಲ್ಲ. ಅನುಮತಿಯಿಲ್ಲದೆ ಖಾಸಗಿ ನೆಲದಿಂದ ತೆಗೆದ ವಸ್ತುವನ್ನು ಬೇರೆ ರಾಜ್ಯಕ್ಕೆ ಮಾರಿದರೆ ಪ್ರಕರಣ ಕೇಂದ್ರ ಕಾನೂನಿನಡಿಗೂ ಬರಬಹುದು.

ಅಗೆಯುವಾಗ ಮನುಷ್ಯರ ಮೂಳೆಯೆಂದು ಅನುಮಾನ ಬರುವಂಥದ್ದು ಕಂಡರೆ ಕೆಲಸವನ್ನು ಅಲ್ಲೇ ನಿಲ್ಲಿಸಿ, ಏನನ್ನೂ ಕದಲಿಸದೆ, ನೆಲದ ಒಡೆಯರಿಗೂ ಕೌಂಟಿಯ ಶೆರಿಫ್ ಕಚೇರಿಗೂ ತಿಳಿಸಬೇಕು. ಗುರುತಿಲ್ಲದ ಸಮಾಧಿಗಳಿಗೂ ಇಲ್ಲಿ ಕಾನೂನಿನ ರಕ್ಷಣೆಯಿದೆ. ಈ ನೆಲದಲ್ಲಿ ಸತ್ತವರ ವಂಶದವರು ಪಕ್ಕದ ಒಕ್ಲಹೋಮದಲ್ಲಿ ಇಂದಿಗೂ ಬಾಳುತ್ತಿದ್ದಾರೆ ಎಂಬುದನ್ನು ಕಾನೂನು ಹೇಳದಿದ್ದರೂ ನೆನಪಿಡಬೇಕಿತ್ತು.

ಪ್ರಾಸಂಗಿಕವಾಗಿ ಹೇಳುವುದಾದರೆ, ಈ ಬರಹ ಓದಿ ಶ್ರೀರಂಗಪಟ್ಟಣದಲ್ಲೋ ಚಿತ್ರದುರ್ಗದಲ್ಲೋ ಹೀಗೆಯೇ ಮಾಡಬಹುದೆಂದು ಯಾರೂ ಭಾವಿಸಬಾರದು. ಭಾರತದಲ್ಲಿ ನೆಲದಲ್ಲಿ ಹುದುಗಿದ್ದು ಸಿಕ್ಕ ಹತ್ತು ರೂಪಾಯಿ ಮೀರಿದ ಬೆಲೆಯ ವಸ್ತುವನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ 1878ರ ನಿಧಿ ಕಾಯ್ದೆ ಇನ್ನೂ ಇದೆ. ರಕ್ಷಿತ ಸ್ಮಾರಕಗಳ ಆವರಣದಲ್ಲಿ ಅಗೆಯುವುದಕ್ಕೆ 1958ರ ಕಾಯ್ದೆಯ ತಡೆಯಿದೆ.

ಒಬ್ಬರೇ ಹೋಗುವುದಕ್ಕಿಂತ ಒಳ್ಳೆಯ ದಾರಿ

ರಾಜ್ಯ ಸರ್ಕಾರದ ಇತಿಹಾಸ ಸಂರಕ್ಷಣಾ ಸಂಸ್ಥೆಯಾದ ಟೆಕ್ಸಾಸ್ ಹಿಸ್ಟಾರಿಕಲ್ ಕಮಿಷನ್ 1998ರಿಂದ ರೆಡ್ ರಿವರ್ ಯುದ್ಧದ ತಾಣಗಳನ್ನು ಹುಡುಕಿ ಗುರುತಿಸುವ ಕೆಲಸ ಕೈಗೊಂಡಿತು. ಸೇನಾಧಿಕಾರಿಗಳ ವರದಿಗಳನ್ನು ಓದಿ, ನೆಲದ ಒಡೆಯರ ಒಪ್ಪಿಗೆ ಪಡೆದು, ಮೆಟಲ್ ಡಿಟೆಕ್ಟರ್ ಹಿಡಿದವರನ್ನು ಸಾಲಾಗಿ ನಡೆಸಿ, ಸಿಕ್ಕಿದ ಪ್ರತಿ ವಸ್ತುವಿನ ಜಾಗವನ್ನು ದಾಖಲಿಸುವುದು ಅದರ ಕ್ರಮವಾಗಿತ್ತು. ಟೆಕ್ಸಾಸ್ ಆರ್ಕಿಯಲಾಜಿಕಲ್ ಸೊಸೈಟಿ ಪ್ರತಿ ವರ್ಷ ಜೂನ್‌ನಲ್ಲಿ ನಡೆಸುವ ಕ್ಷೇತ್ರ ಶಿಬಿರಕ್ಕೆ ಸಾಮಾನ್ಯರೂ ಸೇರಬಹುದು. ಅಗೆಯುವ, ಜರಡಿ ಹಿಡಿಯುವ, ದಾಖಲಿಸುವ ಕೆಲಸವನ್ನು ಅಲ್ಲಿ ಕೈಹಿಡಿದು ಕಲಿಸುತ್ತಾರೆ. ಡಿಟೆಕ್ಟರ್‌ಗೆ ಹಣ ಸುರಿಯುವ ಮೊದಲು ಇಂಥ ಒಂದು ಶಿಬಿರದಲ್ಲಿ ಕಳೆಯುವ ವಾರ ಹೆಚ್ಚು ಉಪಯುಕ್ತ ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಾಕು ಮನೆಗೆ ತರಲು ಸಿಗದು, ನಿಜ. ಆದರೆ ಚಾಕು ನೆಲದಲ್ಲಿ ಹೇಗಿರುತ್ತದೆ ಎಂಬುದನ್ನು ಕಣ್ಣಾರೆ ನೋಡಲು ಸಿಗುತ್ತದೆ.

ಕ್ಯಾನ್ಯನ್ ಪಟ್ಟಣದ ಪ್ಯಾನ್‌ಹ್ಯಾಂಡಲ್-ಪ್ಲೇನ್ಸ್ ಹಿಸ್ಟಾರಿಕಲ್ ಮ್ಯೂಸಿಯಂ 2025ರ ಮಾರ್ಚ್‌ನಲ್ಲಿ ಮುಚ್ಚಿತು; ಮತ್ತೆ ತೆರೆದಿದೆಯೇ ಎಂದು ವಿಚಾರಿಸಿ, ತೆರೆದಿದ್ದರೆ ಅಲ್ಲಿಗೂ ಮೊದಲೇ ಹೋಗಿಬರಬೇಕು. ಆಡೊಬಿ ವಾಲ್ಸ್ ವ್ಯಾಪಾರಿ ಠಾಣೆಯನ್ನು 1970ರ ದಶಕದಲ್ಲಿ ಉತ್ಖನನ ಮಾಡಿದ್ದು ಈ ಸಂಸ್ಥೆಯೇ. ಅಂಗಡಿಯಲ್ಲಿ ಹೊಸದಾಗಿ ಹೊಳೆಯುವ ಚಾಕುವಿಗೂ ನೂರೈವತ್ತು ವರ್ಷ ಮಣ್ಣಿನಲ್ಲಿದ್ದ ಚಾಕುವಿಗೂ ರೂಪದಲ್ಲಿ ಎಷ್ಟು ಅಂತರವಿರುತ್ತದೆ ಎಂಬುದು ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ತಿಳಿಯುತ್ತದೆ.

ಎಲ್ಲಿ ಹುಡುಕಬೇಕು

ರಣಭೂಮಿ ಎಂದೊಡನೆ ಗುಂಡು ಹಾರಿದ ಸಾಲುಗಳೇ ಮನಸ್ಸಿಗೆ ಬರುತ್ತವೆ. ಖಾಲಿ ತೋಟೆಗಳು, ಸೀಸದ ಗುಂಡುಗಳು, ಲೋಹದ ಬಾಣದ ಮೊನೆಗಳು ಅಲ್ಲಿ ಸಿಗುತ್ತವೆ, ಆದರೆ ಚಾಕು ಕಡಿಮೆ. ತೋಟೆಯನ್ನು ಹಾರಿಸಿ ಬಿಸಾಡುತ್ತಾರೆ. ಚಾಕುವನ್ನು ಬಿದ್ದರೂ ಬಗ್ಗಿ ಎತ್ತಿಕೊಳ್ಳುತ್ತಾರೆ, ಗೆದ್ದವರು ಸತ್ತವರ ಸೊಂಟದಿಂದಲೂ ಬಿಚ್ಚಿಕೊಳ್ಳುತ್ತಾರೆ. ಆದ್ದರಿಂದ ಚಾಕು ಹುಡುಕುವವರು ಜನ ಉಂಡು, ಮಲಗಿ, ತೊಗಲು ಸುಲಿದ ಜಾಗಗಳ ಕಡೆಗೆ, ಮತ್ತು ಅವಸರದಲ್ಲಿ ಎಲ್ಲವನ್ನೂ ಬಿಟ್ಟು ಓಡಬೇಕಾದ ಜಾಗಗಳ ಕಡೆಗೆ ಗಮನ ಕೊಡಬೇಕು.

ಎರಡನೆಯ ಬಗೆಗೆ ದೊಡ್ಡ ಉದಾಹರಣೆ ಪ್ಯಾಲೊ ಡ್ಯೂರೊ. 1874ರ ಸೆಪ್ಟೆಂಬರ್ 28ರಂದು ಕರ್ನಲ್ ರ್‍ಯಾನಲ್ಡ್ ಮೆಕೆಂಝಿಯ ನಾಲ್ಕನೆಯ ಅಶ್ವದಳ ಕಣಿವೆಗೆ ಇಳಿದು ಅಲ್ಲಿದ್ದ ಬೀಡುಗಳ ಮೇಲೆ ಬಿದ್ದಿತು. ಸತ್ತವರು ಕಡಿಮೆ. ಆದರೆ ಜನ ಓಡಿಹೋದ ಮೇಲೆ ಸೈನಿಕರು ಗುಡಾರಗಳನ್ನೂ ಚಳಿಗಾಲಕ್ಕೆಂದು ಕೂಡಿಟ್ಟಿದ್ದ ಸರಕನ್ನೂ ಸುಟ್ಟುಹಾಕಿದರು. ಹಿಡಿದ ಕುದುರೆಗಳಲ್ಲಿ ಸಾವಿರಕ್ಕೂ ಹೆಚ್ಚಿನದನ್ನು ಕೊಂದರು. ಇಂಥ ಬೀಡಿನ ಬೂದಿಯಲ್ಲಿ ಉಳಿದ ಚಾಕುವಿನ ಮರದ ಹಿಡಿ ಉರಿದುಹೋಗಿ ಅಲಗು ಮತ್ತು ರಿವೆಟ್ ಮಾತ್ರ ಉಳಿಯುತ್ತವೆ. ಹಾಗೆ ಬೆಂಕಿಯಲ್ಲಿ ಬೆಂದ ಕಬ್ಬಿಣದ ಮೇಲೆ ಒಂದು ಗಟ್ಟಿ ಪದರ ಕಟ್ಟಿಕೊಂಡು, ಬೇಯದ ಕಬ್ಬಿಣಕ್ಕಿಂತ ಚೆನ್ನಾಗಿ ಉಳಿದಿರುವುದೂ ಉಂಟು.

ಮೊದಲ ಬಗೆಗೆ ಆಡೊಬಿ ವಾಲ್ಸ್ ಒಳ್ಳೆಯ ಉದಾಹರಣೆ. ಅದು ಬೈಸನ್ ಬೇಟೆಗಾರರ ನೆಲೆ. ತೊಗಲು ಸುಲಿಯುವ ಚಾಕು, ಸಾಣೆಕಲ್ಲು, ಅರ ಇವು ಅಲ್ಲಿನ ಜೀವನೋಪಾಯದ ಸಾಮಾನುಗಳು. 1874ರ ಜೂನ್ 27ರಂದು ನೂರಾರು ಮೂಲನಿವಾಸಿ ಯೋಧರು ಈ ಠಾಣೆಯ ಮೇಲೆ ದಾಳಿ ಮಾಡಿದರು. ಒಳಗಿದ್ದವರು ಮೂವತ್ತಕ್ಕೂ ಕಡಿಮೆ. ಆದರೆ ಅದೇ ಸುತ್ತಿನಲ್ಲಿ ಹತ್ತು ವರ್ಷ ಮೊದಲು, 1864ರ ನವೆಂಬರ್‌ನಲ್ಲಿ, ಅಮೆರಿಕ ಸೇನೆಯ ಅಧಿಕಾರಿ ಕಿಟ್ ಕಾರ್ಸನ್‌ನ ದಳಕ್ಕೂ ಕೈಯೊವಾ, ಕೊಮಾಂಚಿಗಳಿಗೂ ಇನ್ನೊಂದು ಕಾಳಗ ನಡೆದಿತ್ತು. ಒಂದೇ ಹೆಸರಿನ ಎರಡು ಕಾಳಗಗಳ ನೆಲದ ನಡುವೆ ಸಿಕ್ಕ ಚಾಕುವನ್ನು ಯಾವುದಕ್ಕೆ ಸೇರಿಸುತ್ತೀರಿ? ಸುತ್ತ ಸಿಕ್ಕ ತೋಟೆಗಳು ಮಾತ್ರ ಇದಕ್ಕೆ ಉತ್ತರ ಕೊಡಬಲ್ಲವು. ಪ್ಯಾಲೊ ಡ್ಯೂರೊ, ಆಡೊಬಿ ವಾಲ್ಸ್ ಎರಡೂ ಈಗಾಗಲೇ ಗುರುತಿಸಿ ಅಧ್ಯಯನ ಮಾಡಿದ ತಾಣಗಳು. ಅವುಗಳನ್ನು ಇಲ್ಲಿ ಮಾದರಿಯಾಗಿ ಹೇಳಿದೆನೇ ಹೊರತು ಅಲ್ಲಿ ಅಗೆಯಿರಿ ಎಂದಲ್ಲ.

ಖಾಸಗಿ ರ್‍ಯಾಂಚಿನಲ್ಲಿ ಅನುಮತಿ ಸಿಕ್ಕಿದ್ದರೆ, ನೀರಿನ ಒಸರಿಗೆ ಹತ್ತಿರವಿದ್ದೂ ನೆರೆ ಬಾರದ ಎತ್ತರದ ದಿಬ್ಬಗಳು, ಗಾಡಿಗಳು ತೊರೆ ದಾಟುತ್ತಿದ್ದ ಕಡವುಗಳು, ಉತ್ತರದ ಗಾಳಿಗೆ ಮರೆಯಾದ ಕಣಿವೆಯ ಮಗ್ಗುಲುಗಳು ಇವನ್ನು ಮೊದಲು ನೋಡಬೇಕು. ತೊರೆ ತನ್ನ ದಿಕ್ಕು ಬದಲಿಸಿರಬಹುದು. ಇಂದಿನ ದಡವನ್ನೇ ಅಂದಿನ ದಡವೆಂದು ತಿಳಿಯಬಾರದು. ಹಳೆಯ ಜಮೀನು ಅಳತೆಯ ನಕ್ಷೆಗಳನ್ನೂ ಸೇನಾ ವರದಿಯಲ್ಲಿ ಹೇಳಿದ ದೂರಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದೆರಡು ಮೈಲಿಯ ವ್ಯತ್ಯಾಸ ಬಂದರೆ ಆಶ್ಚರ್ಯಪಡಬೇಕಿಲ್ಲ, ಏಕೆಂದರೆ ಕುದುರೆಯ ಮೇಲೆ ಕುಳಿತು ಅಂದಾಜಿಸಿದ ದೂರಗಳು ಅವು. ಹುಲ್ಲು ಮೊಣಕಾಲಿಗೆ ಬಾರದ, ಹಾವುಗಳೂ ಕಡಿಮೆಯಿರುವ ಚಳಿಗಾಲದ ಕೊನೆ ಈ ಕೆಲಸಕ್ಕೆ ತಕ್ಕ ಸಮಯ. ಆದರೆ ಆಗ ಒಣಹುಲ್ಲಿಗೆ ಬೆಂಕಿ ತಗಲುವ ಅಪಾಯ ಹೆಚ್ಚು, ಹಾಗಾಗಿ ಬಿಸಿಯಾದ ವಾಹನವನ್ನು ಹುಲ್ಲಿನ ಮೇಲೆ ನಿಲ್ಲಿಸಬಾರದು.

ಯಂತ್ರದೊಂದಿಗೆ ನಡೆಯುವುದು

ನಾಣ್ಯ ಮತ್ತು ಆಭರಣ ಹುಡುಕುವವರು ಡಿಟೆಕ್ಟರ್‌ನಲ್ಲಿ ಕಬ್ಬಿಣವನ್ನು ಕಡೆಗಣಿಸುವ ಆಯ್ಕೆಯನ್ನು ಸದಾ ಚಾಲೂ ಇಟ್ಟಿರುತ್ತಾರೆ. ಚಾಕು ಹುಡುಕುವವರು ಮೊದಲು ಮಾಡಬೇಕಾದ್ದು ಅದನ್ನು ಆರಿಸುವುದು. ಚಾಕುವಿನ ಅಲಗು ಕಬ್ಬಿಣದ ಕುಟುಂಬದ್ದೇ. ಅದನ್ನು ಬೇಡವೆಂದು ಯಂತ್ರಕ್ಕೆ ಹೇಳಿ ಅದನ್ನೇ ಹುಡುಕಲು ಹೊರಡುವವರು ಕಡಿಮೆಯೇನಿಲ್ಲ. ಎಲ್ಲ ಲೋಹವನ್ನೂ ಕೇಳಿಸುವ ಸ್ಥಿತಿಯಲ್ಲಿ ಇಟ್ಟು, ಆ ನೆಲದ ಖನಿಜಾಂಶಕ್ಕೆ ಯಂತ್ರವನ್ನು ಹೊಂದಿಸಿಕೊಂಡು, ಹೆಡ್‌ಫೋನ್ ಹಾಕಿಕೊಂಡು ನಿಧಾನವಾಗಿ ನಡೆಯಬೇಕು. ಉದ್ದನೆಯ ಕಬ್ಬಿಣ ಸಾಮಾನ್ಯವಾಗಿ ಎರಡು ತುದಿಯಲ್ಲಿ ಎರಡು ಬಾರಿ ಸದ್ದು ಕೊಡುತ್ತದೆ. ಒಂದು ದಿಕ್ಕಿನಿಂದ ಬೀಸಿದ ಮೇಲೆ ತೊಂಬತ್ತು ಡಿಗ್ರಿ ತಿರುಗಿ ಮತ್ತೆ ಬೀಸಿದರೆ ವಸ್ತುವಿನ ಉದ್ದ ಮತ್ತು ಅದು ಮಲಗಿರುವ ದಿಕ್ಕು ಸ್ಥೂಲವಾಗಿ ತಿಳಿಯುತ್ತದೆ. ಮುಳ್ಳುತಂತಿಯ ತುಂಡೂ ಹೀಗೆಯೇ ಸದ್ದು ಮಾಡುತ್ತದೆ, ಆ ಸೀಮೆಯಲ್ಲಿ ಅದಕ್ಕೆ ಬರವಿಲ್ಲ.

ಸಾಲು ಹಿಡಿದು ನಡೆಯುವ ಕ್ರಮಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟದ್ದು ಮೊಂಟಾನಾದ ಲಿಟಲ್ ಬಿಗ್‌ಹಾರ್ನ್. 1876ರ ಜೂನ್ 25-26ರಂದು ಅಮೆರಿಕ ಸೇನೆಯ ಅಧಿಕಾರಿ ಕಸ್ಟರ್‌ನ ದಳ ಮೂಲನಿವಾಸಿ ಯೋಧರಿಗೆ ಸೋತ ಆ ನೆಲದಲ್ಲಿ 1983ರ ಆಗಸ್ಟ್‌ನಲ್ಲಿ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬರಿದಾಯಿತು. ಮರುವರ್ಷ ಡಗ್ಲಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ನೇತೃತ್ವದಲ್ಲಿ ಸ್ವಯಂಸೇವಕರು ಸುಮಾರು ಐದು ಮೀಟರ್ ಅಂತರದಲ್ಲಿ ಸಾಲಾಗಿ ಡಿಟೆಕ್ಟರ್ ಹಿಡಿದು ನಡೆದರು. ಸದ್ದು ಬಂದಲ್ಲಿ ಒಂದು ಪುಟ್ಟ ಬಾವುಟ ನೆಡುವುದು ಒಬ್ಬರ ಕೆಲಸ, ವಸ್ತುವನ್ನು ಬಿಡಿಸುವುದು ಹಿಂದೆ ಬರುವವರ ಕೆಲಸ, ಅಳತೆ ತೆಗೆದು ಬರೆಯುವುದು ಮೂರನೆಯ ತಂಡದ್ದು. ಈ ಮೂರು ಕೆಲಸಗಳನ್ನು ಬೇರೆ ಬೇರೆ ಇಟ್ಟದ್ದೇ ಆ ವಿಧಾನದ ಹೆಚ್ಚುಗಾರಿಕೆ. ಇಬ್ಬರು ಮೂವರೇ ಇದ್ದರೂ ಇದನ್ನು ಪಾಲಿಸಬಹುದು: ಒಂದು ಪಟ್ಟಿಯಷ್ಟು ನೆಲವನ್ನು ಮೊದಲು ಪೂರ್ತಿ ನಡೆದು ಬಾವುಟ ನೆಟ್ಟು, ಆಮೇಲೆ ನಿಂತು ಬಾವುಟಗಳ ಗುಂಪು ಎಲ್ಲಿ ದಟ್ಟವಾಗಿದೆ ನೋಡಿ, ಅನಂತರವೇ ಅಗೆಯಲು ಕೂರಬೇಕು. ಸದ್ದು ಬಂದ ತಕ್ಷಣ ಮಂಡಿಯೂರುವ ಚಪಲವನ್ನು ತಡೆದುಕೊಳ್ಳದವರಿಗೆ ನೆಲದ ಒಟ್ಟು ಚಿತ್ರ ಎಂದಿಗೂ ಸಿಗುವುದಿಲ್ಲ.

ಬಿಡಿಸುವುದು ಮತ್ತು ಬರೆಯುವುದು

ಗುದ್ದಲಿ ಬೇಡ. ಬಾವುಟದಿಂದ ಒಂದು ಗೇಣು ದೂರದಲ್ಲಿ ಹುಲ್ಲಿನ ಹೆಪ್ಪನ್ನು ಮೂರು ಬದಿ ಕೊಯ್ದು ಬಾಗಿಲಿನಂತೆ ಮಗುಚಿ, ಕೈಯಲ್ಲಿ ಹಿಡಿಯುವ ಪಿನ್‌ಪಾಯಿಂಟರ್ ಎಂಬ ಚಿಕ್ಕ ಡಿಟೆಕ್ಟರ್‌ನಿಂದ ಜಾಗ ಹಿಡಿದು, ಚಿಕ್ಕ ಕರಣೆ ಮತ್ತು ಬಿದಿರಿನ ಕಡ್ಡಿಯಿಂದ ಮಣ್ಣನ್ನು ಪಕ್ಕದಿಂದ ಸರಿಸಬೇಕು. ಮೇಲಿನಿಂದ ಚುಚ್ಚಿದರೆ ಅಲಗಿನ ಮೇಲಿರುವ ತುಕ್ಕಿನ ಪದರ ಒಡೆಯುತ್ತದೆ; ತಯಾರಕರ ಮುದ್ರೆ ಉಳಿದಿದ್ದರೆ ಅದು ಇರುವುದು ಆ ಪದರದೊಳಗೇ. ಅಲಗಿನ ಅಂಚು ಕಂಡಾಕ್ಷಣ ಎಳೆಯಬಾರದು. ಹಿಡಿಯ ಮರ ಕೊಳೆತಿದ್ದರೂ ಅದರ ನಾರಿನ ಗುರುತು ತುಕ್ಕಿನಲ್ಲಿ ಅಚ್ಚಾಗಿರುತ್ತದೆ, ಒರೆಯ ಚರ್ಮದ ಚೂರೂ ಇರಬಹುದು. ಎಳೆದರೆ ಇವೆರಡೂ ಮಣ್ಣಲ್ಲೇ ಉಳಿಯುತ್ತವೆ.

ಚಾಕು ಪೂರ್ತಿ ಕಂಡ ಮೇಲೆ, ಇನ್ನೂ ಜಾಗದಲ್ಲೇ ಇರುವಾಗ, ಉತ್ತರ ದಿಕ್ಕಿನ ಬಾಣ ಮತ್ತು ಅಳತೆಪಟ್ಟಿ ಇಟ್ಟು ಮೇಲಿನಿಂದ ಚಿತ್ರ ತೆಗೆಯಬೇಕು. ನೆಲದ ಮಟ್ಟದಿಂದ ಆಳ, ಮೊನೆ ಯಾವ ದಿಕ್ಕಿಗೆ, ಅಲಗಿನ ಬಾಯಿ ಮೇಲೋ ಕೆಳಗೋ, ಮಣ್ಣಿನ ಬಣ್ಣ, ಬೂದಿ ಅಥವಾ ಇದ್ದಿಲು ಇದೆಯೇ, ಎರಡು ಮೀಟರ್ ಒಳಗೆ ಬೇರೆ ಏನು ಸಿಕ್ಕಿದೆ ಇವನ್ನೆಲ್ಲ ಅಲ್ಲೇ ಪುಸ್ತಕದಲ್ಲಿ ಬರೆಯಬೇಕು. ಮೊಬೈಲ್ ಫೋನಿನ ಜಿಪಿಎಸ್ ಕೆಲವು ಮೀಟರ್ ತಪ್ಪು ತೋರಿಸುತ್ತದೆ. ಆದ್ದರಿಂದ ಕದಲದ ಒಂದು ಗುರುತನ್ನು, ಬಂಡೆಯನ್ನೋ ಬೇಲಿಯ ಮೂಲೆ ಕಂಬವನ್ನೋ, ಆಧಾರವಾಗಿಟ್ಟುಕೊಂಡು ಟೇಪಿನಿಂದ ದೂರವನ್ನೂ ದಿಕ್ಸೂಚಿಯಿಂದ ಕೋನವನ್ನೂ ಅಳೆದುಕೊಳ್ಳುವುದು ಹೆಚ್ಚು ನಂಬಿಕೆಗೆ ಅರ್ಹ. ಕೆಲಸಕ್ಕೆ ಬಾರದೆಂದು ತೋರುವ ಮೊಳೆ, ತೋಟೆ, ಅಂಗಿಯ ಗುಂಡಿಗಳನ್ನೂ ಚಾಕುವಿನಷ್ಟೇ ಶ್ರದ್ಧೆಯಿಂದ ದಾಖಲಿಸಬೇಕು. ಚಾಕುವಿನ ಕಾಲವನ್ನು ಹೇಳುವ ಸಾಕ್ಷಿಗಳು ಅವೇ.

ಹೇಗೆಂದರೆ, ಫ್ರ್ಯಾಂಕ್‌ಫರ್ಡ್ ಶಸ್ತ್ರಾಗಾರ ತಾನು ತಯಾರಿಸಿದ ಸೇನಾ ತೋಟೆಗಳ ಬುಡದಲ್ಲಿ ತಿಂಗಳು ಮತ್ತು ವರ್ಷ ಒತ್ತಲು ಆರಂಭಿಸಿದ್ದು 1877ರಲ್ಲಿ. ಚಾಕುವಿನ ಸುತ್ತ ಸಿಕ್ಕ ಸೇನಾ ತೋಟೆಗಳಲ್ಲಿ ಅಂಥ ಮುದ್ರೆಯಿದ್ದರೆ ಆ ಗುಂಪು 1874ರ ಕಾಳಗದ್ದಲ್ಲ. ಚೌಕ ಮೈಯ ಮೊಳೆಗಳ ಜಾಗವನ್ನು ತಂತಿಯಿಂದ ಮಾಡಿದ ದುಂಡು ಮೊಳೆಗಳು ಆವರಿಸಿಕೊಂಡದ್ದು 1890ರ ಹೊತ್ತಿಗೆ. ಗ್ಲಿಡನ್‌ನ ಮುಳ್ಳುತಂತಿಗೆ ಪೇಟೆಂಟ್ ಸಿಕ್ಕಿದ್ದೇ 1874ರ ನವೆಂಬರ್‌ನಲ್ಲಿ. ದುಂಡು ಮೊಳೆ ಮತ್ತು ಬೇಲಿ ತಂತಿಯ ನಡುವೆ, ಅದೇ ಪದರದಲ್ಲಿ ಸಿಕ್ಕ ಚಾಕು ಬಹುಮಟ್ಟಿಗೆ ಬೇಲಿ ಹಾಕಲು ಬಂದ ದನಗಾಹಿಯದು.

ಚಾಕುವನ್ನು ಓದುವುದು

ಗಡಿನಾಡಿನ ಚಾಕು ಎಂದರೆ ಬೋವಿ ಚಾಕುವೇ ಎಂಬ ಕಲ್ಪನೆಯನ್ನು ಮೊದಲು ಬಿಡಬೇಕು. 1827ರ ಸೆಪ್ಟೆಂಬರ್ 19ರಂದು ಮಿಸಿಸಿಪ್ಪಿ ನದಿಯ ಮರಳುದಿಣ್ಣೆಯೊಂದರಲ್ಲಿ ನಡೆದ ಹೊಡೆದಾಟದಿಂದ ಜಿಮ್ ಬೋವಿಯ ಹೆಸರು ಹರಡಿತು. ಆತ 1836ರ ಮಾರ್ಚ್ 6ರಂದು ಟೆಕ್ಸಾಸ್‌ನ ಅಲಾಮೊ ಕೋಟೆಯ ಕಾಳಗದಲ್ಲಿ ಸತ್ತ ಮೇಲೆ ಆ ಹೆಸರಿನ ದೊಡ್ಡ ಚಾಕುಗಳನ್ನು ಇಂಗ್ಲೆಂಡಿನ ಶೆಫೀಲ್ಡ್ ಕಾರ್ಖಾನೆಗಳು ಮಾಡಿ ಮಾಡಿ ಕಳುಹಿಸಿದವು. ಆದರೆ 1870ರ ದಶಕದ ಬಯಲಿನಲ್ಲಿ ನಿಜಕ್ಕೂ ಕೈಯಲ್ಲಿದ್ದದ್ದು ಕಸಾಯಿ ಚಾಕು ಮತ್ತು ತೊಗಲು ಸುಲಿಯುವ ಚಾಕು: ತೆಳು ಅಲಗು, ಸಾದಾ ಮರದ ಹಿಡಿ, ಮೂರೋ ಐದೋ ರಿವೆಟ್, ಕೈಕಾಪು (ಕೈ ಅಲಗಿನ ಕಡೆಗೆ ಜಾರದಂತೆ ತಡೆಯುವ ಅಡ್ಡಪಟ್ಟಿ) ಇಲ್ಲ. ಅಡುಗೆಮನೆಯ ಚಾಕುವಿನಂತೆ ಕಾಣುವ ಕಾರಣಕ್ಕೇ ಇಂಥವನ್ನು ಹೊಸಬರು ಬಿಸಾಡುತ್ತಾರೆ.

ಈ ಬಗೆಯ ಚಾಕುಗಳಲ್ಲಿ ಎರಡು ಮುದ್ರೆಗಳು ಪ್ರಸಿದ್ಧ. ಒಂದು ಮ್ಯಾಸಚೂಸೆಟ್ಸ್‌ನಲ್ಲಿ 1834ರಲ್ಲಿ ಜಾನ್ ರಸೆಲ್ ಆರಂಭಿಸಿದ ಕಾರ್ಖಾನೆಯ «ಜೆ. ರಸೆಲ್ ಅಂಡ್ ಕಂಪನಿ, ಗ್ರೀನ್ ರಿವರ್ ವರ್ಕ್ಸ್». ಇನ್ನೊಂದು ಶೆಫೀಲ್ಡ್‌ನ ಸೈಕಮೋರ್ ಬೀದಿಯ «ಐ. ವಿಲ್ಸನ್», ಅದರ ಜೊತೆಗೆ ಮೆಣಸಿನ ಕಾಳುಗಳಂಥ ಚುಕ್ಕಿಗಳು ಮತ್ತು ವಜ್ರಾಕಾರದ ಗುರುತು. ಷೆಲ್‌ಬರ್ನ್ ಫಾಲ್ಸ್‌ನ ಲ್ಯಾಮ್ಸನ್ ಅಂಡ್ ಗುಡ್‌ನೌ ಮೂರನೆಯದು. ಆದರೆ ಹೆಸರಷ್ಟೇ ಕಾಲವನ್ನು ಹೇಳುವುದಿಲ್ಲ, ಏಕೆಂದರೆ ಗ್ರೀನ್ ರಿವರ್ ಹೆಸರು ಇಪ್ಪತ್ತನೆಯ ಶತಮಾನದಲ್ಲೂ ಮುಂದುವರಿಯಿತು. ಹಾಗಾಗಿ «ಈ ಕಾಲಕ್ಕಿಂತ ಹಿಂದಿನದಲ್ಲ» ಎಂದು ಹೇಳುವ ಗುರುತುಗಳನ್ನು ಹುಡುಕಬೇಕು. ಮುದ್ರೆಯಲ್ಲಿ ಶೆಫೀಲ್ಡ್ ಜೊತೆಗೆ «ಇಂಗ್ಲೆಂಡ್» ಎಂದಿದ್ದರೆ ಅದು ಸಾಮಾನ್ಯವಾಗಿ 1891ರ ಅನಂತರದ್ದು, ಏಕೆಂದರೆ 1890ರ ಮೆಕಿನ್ಲೆ ಸುಂಕ ಕಾನೂನು ಆಮದಾದ ವಸ್ತುವಿನ ಮೇಲೆ ದೇಶದ ಹೆಸರನ್ನು ಕಡ್ಡಾಯ ಮಾಡಿತು. ಅಲಗಿಗೆ ತುಕ್ಕೇ ಹಿಡಿದಿಲ್ಲವೆಂದರೆ ಸ್ಟೇನ್‌ಲೆಸ್ ಉಕ್ಕು ಇರಬಹುದು, ಅಂದರೆ 1913ರ ಈಚಿನದು. ಸೇನೆಯ ಊಟದ ಚಾಕುಗಳು 1917, 1918 ಎಂಬ ಇಸವಿಯೊಂದಿಗೆ ಸಿಗುವುದುಂಟು. ಅವು ಮೊದಲ ಮಹಾಯುದ್ಧದ ಮಿಗುತೆ ಸರಕು.

ಸೇನೆಯ ಬೇಟೆ ಚಾಕುವಿನ ವಿಷಯದಲ್ಲಿ ಮೋಸಹೋಗುವವರು ಬಹಳ. ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ತಯಾರಾದ, ಹಿತ್ತಾಳೆಯ ಕೈಕಾಪು ಇರುವ ಗಟ್ಟಿಮುಟ್ಟಾದ ಬೇಟೆ ಚಾಕು 1880ರ ಮಾದರಿ. ಅದನ್ನು ಪ್ಯಾಲೊ ಡ್ಯೂರೊದ್ದೆಂದೋ ಕಸ್ಟರ್‌ನ ಸೈನಿಕನದೆಂದೋ ಯಾರಾದರೂ ತೋರಿಸಿದರೆ ಇಸವಿಯೇ ಉತ್ತರ ಕೊಡುತ್ತದೆ. ಅದಕ್ಕೂ ಮೊದಲಿನ ಸೇನಾ ಚಾಕು ಏಮ್ಸ್ ಕಂಪನಿಯ 1849ರ ಮಾದರಿ, ಮಾಡಿದ್ದೇ ಸಾವಿರದಷ್ಟು. ಇವೆರಡರ ನಡುವಿನ ವರ್ಷಗಳಲ್ಲಿ ಸೈನಿಕರು ಸೊಂಟದ ಚಾಕುವನ್ನು ತಮ್ಮ ಹಣದಿಂದಲೇ ಕೊಂಡುಕೊಳ್ಳುತ್ತಿದ್ದರು, ಕೊಂಡದ್ದು ಬೇಟೆಗಾರನೂ ಮೂಲನಿವಾಸಿ ಯೋಧನೂ ಕೊಳ್ಳುತ್ತಿದ್ದ ಅದೇ ಕಸಾಯಿ ಚಾಕುವನ್ನು.

ಒಂದೇ ಚಾಕು ಮೂವರ ಕೈಯಲ್ಲೂ ಇರಬಹುದಾದ್ದರಿಂದ, ಒಡೆಯ ಯಾರೆಂದು ಹೇಳುವಾಗ ನಾಲಿಗೆಗೆ ಕಡಿವಾಣವಿರಬೇಕು. ಬಳಕೆಯ ಗುರುತುಗಳು ಸ್ವಲ್ಪ ನೆರವಾಗುತ್ತವೆ. ಬಯಲಿನ ಮೂಲನಿವಾಸಿಗಳ ಚಾಕುಗಳಲ್ಲಿ ಅಲಗಿನ ಒಂದೇ ಬದಿಯನ್ನು ಅರದಿಂದ ಉಜ್ಜಿ ಹರಿತ ಮಾಡಿರುವುದು ಹಲವು ಸಲ ಕಾಣುತ್ತದೆ. ಹಾಗೆ ಉಜ್ಜಿ ಉಜ್ಜಿ ಅಲಗು ಅರ್ಧದಷ್ಟು ಅಗಲಕ್ಕೆ ಇಳಿದಿರುತ್ತದೆ. ಮುರಿದ ಅಲಗನ್ನು ಕತ್ತರಿಸಿ ಬಾಣದ ಮೊನೆ ಮಾಡಿಕೊಂಡದ್ದೂ ಇದೆ, ಆದ್ದರಿಂದ ನೇರವಾಗಿ ಕತ್ತರಿಸಿದ ಅಂಚಿರುವ ಅಲಗಿನ ತುಂಡು ಪೂರ್ತಿ ಚಾಕುವಿಗಿಂತ ಹೆಚ್ಚು ಹೇಳಬಲ್ಲದು. ಆದರೂ ಇವು ಯಾವುವೂ ಒಂದೊಂದೇ ನಿಂತು ಸಾಕ್ಷಿಯಾಗವು. ಸುತ್ತ ಮಣಿಗಳು, ಲೋಹದ ಬಾಣದ ಮೊನೆಗಳು, ಸುಟ್ಟ ನೆಲ ಇದ್ದರೆ ಒಂದು ತೀರ್ಮಾನ. ಸೇನೆಯ ಅಂಗಿಯ ಗುಂಡಿಗಳು ಮತ್ತು ಆ ಕಾಲದ ಸೇನಾ ಬಂದೂಕಿನ .45-70 ತೋಟೆಗಳಿದ್ದರೆ ಇನ್ನೊಂದು. ಏನೂ ಇಲ್ಲದಿದ್ದರೆ ತೀರ್ಮಾನವೇ ಇಲ್ಲ. «ಒಡೆಯ ತಿಳಿಯದು» ಎಂದು ಬರೆದ ಚೀಟಿ ಒಂದು ಸಂಗ್ರಹಕ್ಕೆ ಅಗೌರವ ತರುವುದಿಲ್ಲ, ಕಟ್ಟುಕಥೆ ತರುತ್ತದೆ.

ತಂದ ಮೇಲೆ

ಮಣ್ಣಿನಿಂದ ಹೊರಬಂದ ಕಬ್ಬಿಣ ಮೊದಲ ಕೆಲವು ವಾರಗಳಲ್ಲೇ, ಮಣ್ಣಿನಲ್ಲಿದ್ದಾಗಿನಕ್ಕಿಂತ ವೇಗವಾಗಿ ಹಾಳಾಗಬಹುದು. ತುಕ್ಕಿನೊಳಗೆ ಸೇರಿಕೊಂಡ ಕ್ಲೋರೈಡ್ ಲವಣಗಳು ಗಾಳಿಯ ತೇವದೊಡನೆ ಬೆರೆತು ಒಳಗಿನ ಲೋಹವನ್ನು ತಿನ್ನುತ್ತವೆ, ಮೇಲ್ಪದರ ಹಪ್ಪಳೆಯಾಗಿ ಏಳುತ್ತದೆ. ನಲ್ಲಿ ನೀರಿನಲ್ಲಿ ತೊಳೆಯುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು, ವಿನೆಗರಿನಲ್ಲಿ ನೆನೆಹಾಕುವುದು ಇವು ಮೂರೂ ಬೇಡ. ಒಣಗಿದ ಮಣ್ಣನ್ನು ಮೆತ್ತನೆಯ ಕುಂಚದಿಂದ ಸರಿಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟು, ತೇವ ಸೂಚಿಸುವ ಪಟ್ಟಿಯನ್ನೂ ಒಳಗಿಡಬೇಕು. ತುಕ್ಕಿನ ಕೆಳಗೆ ಮುದ್ರೆಯಿದೆಯೇ ಎಂದು ತಿಳಿಯಲು ಎಕ್ಸ್‌ರೇ ತೆಗೆಸುವುದು ಕೆರೆದು ನೋಡುವುದಕ್ಕಿಂತ ಎಷ್ಟೋ ಮೇಲು; ಊರಿನ ಪಶುವೈದ್ಯರನ್ನು ವಿನಯದಿಂದ ಕೇಳಿದರೆ ಕೆಲವರು ಒಪ್ಪುತ್ತಾರೆ. ಮೂಳೆ ಅಥವಾ ಮರದ ಹಿಡಿ ಉಳಿದಿದ್ದರೆ ಮನೆಯ ಪ್ರಯೋಗಗಳನ್ನು ಬಿಟ್ಟು ಸಂರಕ್ಷಣಾ ತಜ್ಞರ ಬಳಿಗೆ ಒಯ್ಯಬೇಕು, ಏಕೆಂದರೆ ಲೋಹಕ್ಕೆ ಬೇಕಾದ ಒಣಗಾಳಿ ಮೂಳೆಯನ್ನು ಸೀಳುತ್ತದೆ.

ಸಿಕ್ಕಿದ್ದರ ವಿವರವನ್ನು ಟೆಕ್ಸಾಸ್ ಹಿಸ್ಟಾರಿಕಲ್ ಕಮಿಷನ್‌ಗೆ ತಿಳಿಸಿದರೆ ನೆಲ ಅವರ ಪಾಲಾಗುತ್ತದೆ ಎಂಬ ಹೆದರಿಕೆ ರ್‍ಯಾಂಚಿನವರಲ್ಲಿ ಉಂಟು. ತಾಣವನ್ನು ದಾಖಲಿಸಿದ ಮಾತ್ರಕ್ಕೆ ಒಡೆತನ ಬದಲಾಗುವುದಿಲ್ಲ. ದಾಖಲಾದ ತಾಣಕ್ಕೆ 41 ಎಂಬ ರಾಜ್ಯದ ಅಂಕೆ, ಕೌಂಟಿಯ ಎರಡು ಅಕ್ಷರ ಮತ್ತು ಕ್ರಮಸಂಖ್ಯೆ ಸೇರಿದ ಗುರುತು ಸಿಗುತ್ತದೆ. ಚಾಕುವಿನ ಚೀಟಿಯಲ್ಲಿ ಆ ಗುರುತನ್ನು, ನಿಮ್ಮ ಟಿಪ್ಪಣಿ ಪುಸ್ತಕದ ಪುಟಸಂಖ್ಯೆಯನ್ನು ಮತ್ತು ಒಡೆಯರ ಅನುಮತಿಪತ್ರದ ದಿನಾಂಕವನ್ನು ಬರೆದಿಡಿ.

ಅಗೆಯುವ ಗೋಜಿಲ್ಲದೆ ಕೊಳ್ಳುವವರೂ ಇದೇ ಮೂರನ್ನು ಕೇಳಬೇಕು. ಮಾರುಕಟ್ಟೆಯಲ್ಲಿ ರಣಭೂಮಿಯ ಚಾಕು ಎಂಬ ಕಥೆ ಧಾರಾಳವಾಗಿ ಸಿಗುತ್ತದೆ, ಕಾಗದ ಸಿಗುವುದಿಲ್ಲ. ಒರೆಗೆ ಹೊಡೆದಿರುವ ಹಿತ್ತಾಳೆ ಗುಬ್ಬಿಮೊಳೆಗಳ ಹತ್ತಿರ ಒಂದು ಅಯಸ್ಕಾಂತ ಹಿಡಿದರೆ ಸಾಕಷ್ಟು ಸುಳ್ಳು ಬಯಲಾಗುತ್ತದೆ: ಹತ್ತೊಂಬತ್ತನೆಯ ಶತಮಾನದ ಗುಬ್ಬಿಮೊಳೆಗಳು ಹೆಚ್ಚಾಗಿ ತಲೆಯಿಂದ ಮೊನೆಯವರೆಗೆ ಎರಕದ ಹಿತ್ತಾಳೆ, ಈಚಿನವುಗಳ ಕಾಲು ಉಕ್ಕಿನದು.

ಚಾಕುವನ್ನು ಭಾರತಕ್ಕೆ ತರುವ ಯೋಚನೆಯಿದ್ದರೆ ಅದನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ, ಸರಕಿಗೆ ಹಾಕುವ ಪೆಟ್ಟಿಗೆಯಲ್ಲೇ ಇರಬೇಕು. ಅಲಗು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇದ್ದರೆ, ಮನೆಬಳಕೆ ಅಥವಾ ಕೃಷಿಯ ಚಾಕುವಲ್ಲದ ಪಕ್ಷದಲ್ಲಿ, ಅದು ನಮ್ಮ ಶಸ್ತ್ರಾಸ್ತ್ರ ನಿಯಮಗಳ ವ್ಯಾಪ್ತಿಗೆ ಬರುತ್ತದೆ ಮತ್ತು ಆಮದಿಗೆ ಪರವಾನಗಿ ಬೇಕಾಗುತ್ತದೆ. ಕಸಾಯಿ ಚಾಕು ಮನೆಬಳಕೆಯದ್ದೆಂದು ವಿಮಾನ ನಿಲ್ದಾಣದಲ್ಲಿ ನಿಂತು ವಾದಿಸುವುದಕ್ಕಿಂತ, ಹೊರಡುವ ಮೊದಲೇ ಸುಂಕ ಇಲಾಖೆಗೆ ಚಿತ್ರ ಮತ್ತು ಅಳತೆಯೊಂದಿಗೆ ಬರೆದು ಉತ್ತರ ಪಡೆದಿಟ್ಟುಕೊಳ್ಳುವುದು ಒಳಿತು.